ಲಂಡನ್ ಪಾಠವೂ ಕಾಗೆ ಮುಟ್ಟಿದ್ದೂ

ನಾನು ಪತ್ರಿಕೆಯ ಕೆಲಸ ಕಲಿತದ್ದು ದಂಡಿನಲ್ಲಿ, ಒಬ್ಬ ದರ್ಜಿಯ ಅಂಗಡಿಯ ಮೇಲಿನ ಮಹಡಿಯಲ್ಲಿ. ಕಂಟೋನ್ಮೆಂಟನ್ನು ನಮ್ಮ ಕಡೆಯವರು ದಂಡು ಎಂದೇ ಕರೆಯುತ್ತಿದ್ದರು. ಈಗ ಶಿವಾಜಿನಗರ ಎನ್ನುವ ಜಾಗಕ್ಕೆ ಆಗ ಬ್ಲಾಕ್‌ಪಲ್ಲಿ ಎಂದು ಹೆಸರು. ಕೆಳಗೆ ದರ್ಜಿ ಸಿಪಾಯಿಗಳ ಬಟ್ಟೆ ಹೊಲಿಯುತ್ತಿದ್ದ, ಮೇಲೆ ನಾವು ಸುದ್ದಿ ಹೊಲಿಯುವುದನ್ನು ಕಲಿಯುತ್ತಿದ್ದೆವು. ಯುದ್ಧದ ಕಾಲವಾದ್ದರಿಂದ ಇಬ್ಬರ ಕಸುಬಿಗೂ ಕೊರತೆ ಇರಲಿಲ್ಲ. ಹೊಲಿಗೆ ಯಂತ್ರದ ಅದುರು ನೆಲದ ಹಲಗೆಗಳ ಮೂಲಕ ನಮ್ಮ ಅಂಗಾಲಿಗೆ ಬರುತ್ತಿತ್ತು.

ಶಾಲೆ ಲಂಡನ್ನಿನ ಒಂದು ದೊಡ್ಡ ಪತ್ರಿಕೋದ್ಯಮ ಶಾಲೆಯ ಶಾಖೆ. ಇದೇ ಪಾಠಗಳನ್ನು ಕೊಲಂಬೊ, ರಂಗೂನ್, ಸಿಂಗಪುರಗಳಲ್ಲಿಯೂ ಹೇಳಿಕೊಡಲಾಗುತ್ತದೆ ಎಂದು ಬಾಗಿಲ ಮೇಲಿನ ಬೋರ್ಡಿನಲ್ಲಿ ಬರೆದಿತ್ತು. ರಂಗೂನೂ ಸಿಂಗಪುರವೂ ಜಪಾನಿನವರ ಪಾಲಾಗಿದ್ದರಿಂದ ಮೇಷ್ಟ್ರು ಆ ಎರಡು ಹೆಸರುಗಳ ಮೇಲೆ ತಾವೇ ಸುಣ್ಣ ಬಳಿದರು. ಮಳೆ ಬಂದಾಗಲೆಲ್ಲ ಸುಣ್ಣ ತೊಳೆದು ಸಿಂಗಪುರ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಬಿಸಿಲು ಬಂದ ಮೇಲೆ ಮೇಷ್ಟ್ರು ಮತ್ತೆ ಬಳಿಯುತ್ತಿದ್ದರು.

ಪಾಠಗಳು ಅಚ್ಚಾಗಿ ಹಡಗಿನಲ್ಲಿ ಬರುತ್ತಿದ್ದವು. ನಾವು ಬರೆದ ಉತ್ತರಗಳನ್ನು ಮೇಷ್ಟ್ರು ಮೊದಲು ತಿದ್ದಿ ಲಂಡನ್ನಿಗೆ ಕಳಿಸುತ್ತಿದ್ದರು. ಅಲ್ಲಿ ನಾವ್ಯಾರೂ ಕಣ್ಣಿನಲ್ಲಿ ನೋಡದ ಒಬ್ಬ ಪರೀಕ್ಷಕ ಕೆಂಪು ಶಾಯಿಯಲ್ಲಿ ಇನ್ನೊಂದು ಸಲ ತಿದ್ದುತ್ತಿದ್ದ. ಹಾಳೆಗಳು ಸಮುದ್ರ ದಾಟಿ ಹಿಂದಕ್ಕೆ ಬರುವಷ್ಟರಲ್ಲಿ ತಿಂಗಳುಗಳೇ ಕಳೆದು, ಆ ತಪ್ಪು ನಮಗೆ ಚೆನ್ನಾಗಿ ರೂಢಿಯಾಗಿಬಿಟ್ಟಿರುತ್ತಿತ್ತು. ಒಂದು ಪಾಠವಂತೂ ಬರಲೇ ಇಲ್ಲ. ಅದನ್ನು ತರುತ್ತಿದ್ದ ಹಡಗನ್ನು ಎಲ್ಲೋ ಮುಳುಗಿಸಿದರು ಎಂದು ಸುದ್ದಿ ಬಂತು. ಮೊದಲ ಪುಸ್ತಕದ ಪಾಠಗಳ ಪಟ್ಟಿಯಲ್ಲಿ ಅದರ ಹೆಸರು ಮಾತ್ರ ಉಳಿಯಿತು. ‘ಸಾವಾದ ಮನೆಗೆ ವರದಿಗಾರ ಹೋಗುವ ಕ್ರಮ’ ಎಂದು ಅದರ ಹೆಸರು. ಅದರಲ್ಲಿ ಏನಿರುತ್ತಿತ್ತು ಎಂದು ಕೇಳಿದ್ದಕ್ಕೆ ಮೇಷ್ಟ್ರು, ದೊಡ್ಡದೇನೂ ಇಲ್ಲ, ಟೋಪಿ ತೆಗೆಯಬೇಕು, ಬೇಗ ಹೊರಡಬೇಕು, ಅಷ್ಟೆ ಎಂದರು. ನಮ್ಮಲ್ಲಿ ಅರ್ಧ ಜನಕ್ಕೆ ಟೋಪಿಯೇ ಇರಲಿಲ್ಲ. ಮುಂದಿನ ಪಾಠಕ್ಕೆ ಹೋದೆವು.

ನಾನು ಅಲ್ಲಿಗೆ ಸೇರಿದ್ದು ಹಾಲಿನ ದೆಸೆಯಿಂದ. ನಮ್ಮ ಮನೆ ಹಲಸೂರಿನ ಪಕ್ಕದ ಜೋಗುಪಾಳ್ಯದಲ್ಲಿ. ಅಪ್ಪ ಹಸು ಕಟ್ಟಿಕೊಂಡು ದಂಡಿನ ಬಂಗಲೆಗಳಿಗೆ ದಿನವೂ ವರ್ತನೆಯ ಹಾಲು ಹಾಕುತ್ತಿದ್ದ. ಅದರಲ್ಲಿ ಒಂದು ಬಂಗಲೆಯ ಸಾಹೇಬರು ಮೇಷ್ಟ್ರ ಸ್ನೇಹಿತರು. ನಮ್ಮ ಹುಡುಗ ಇಂಗ್ಲಿಷಿನಲ್ಲಿ ಪಾಸು ಮಾಡಿದ್ದಾನೆ, ಸುಮ್ಮನೆ ಕೂತಿದ್ದಾನೆ ಎಂದು ಅಪ್ಪ ಹಾಲು ಅಳೆಯುತ್ತಾ ಹೇಳಿದನಂತೆ. ಮುಂದಿನ ವಾರ ನಾನು ದರ್ಜಿಯ ಮಹಡಿ ಹತ್ತಿದೆ. ಅಪ್ಪನಿಗೆ ಪತ್ರಿಕೋದ್ಯಮ ಎಂದರೇನೆಂದು ಗೊತ್ತಿರಲಿಲ್ಲ, ತಿಳಿಯಬೇಕೆಂಬ ಆಸೆಯೂ ಇರಲಿಲ್ಲ. ನನ್ನ ಮಗ ಲಂಡನ್ ಪಾಠ ಓದುತ್ತಾನೆ ಎಂದು ಹಲಸೂರು ಕೆರೆ ಏರಿಯ ಮೇಲೆ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಅವನಿಗೆ ಅಷ್ಟು ಸಾಕಿತ್ತು.

ಮೇಷ್ಟ್ರು ಆಂಗ್ಲೋ ಇಂಡಿಯನ್. ರಂಗೂನಿನ ಒಂದು ಪತ್ರಿಕೆಯಲ್ಲಿ ಕೆಲಸ ಮಾಡಿದ್ದವರು, ಬರ್ಮಾ ಬಿದ್ದಾಗ ಸಾವಿರಾರು ಜನರ ಜೊತೆ ಕಾಡಿನ ದಾರಿಯಲ್ಲಿ ನಡೆದು ಬಂದವರು. ಅವರ ಕೈಯಲ್ಲಿ ಯಾವಾಗಲೂ ಒಂದು ನೀಲಿ ಪೆನ್ಸಿಲು ಇರುತ್ತಿತ್ತು. ನಮ್ಮ ಬರಹದಲ್ಲಿ ‘ದುರದೃಷ್ಟವಶಾತ್’, ‘ಹೃದಯ ಕರಗುವ’, ‘ಅಯ್ಯೋ’ ಎಂಬ ಅರ್ಥದ ಮಾತುಗಳು ಎಲ್ಲಿ ಕಂಡರೂ ಅದು ಹೊಡೆದು ಹಾಕುತ್ತಿತ್ತು. ಯಾರು, ಏನು, ಎಲ್ಲಿ, ಯಾವಾಗ, ಹೇಗೆ, ಇಷ್ಟನ್ನು ಮೊದಲ ಸಾಲಿನಲ್ಲೇ ಹೇಳಬೇಕು. ಅಳುವ ಕೆಲಸ ಓದುವವನದು, ಬರೆಯುವವನದಲ್ಲ ಎಂಬುದು ಅವರ ದಿನನಿತ್ಯದ ಮಾತು. ಬರಹ ಹಿಡಿಸಿದರೆ ‘ಡ್ರೈ’ ಎನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಹತ್ತಿರ ಇರಲಿಲ್ಲ.

ಬರ್ಮಾದ ದಾರಿ ಹೇಗಿತ್ತು ಎಂದು ನಮ್ಮ ಜೊತೆಯ ಒಬ್ಬ ಒಂದು ಸಲ ಬಾಯಿ ತಡೆಯದೆ ಕೇಳಿದ. ಮೇಷ್ಟ್ರು ಪೆನ್ಸಿಲು ಹೆರೆಯುತ್ತಿದ್ದರು. “ದಾರಿಯಲ್ಲಿ ನನ್ನ ಹೆಂಡತಿ ತೀರಿಕೊಂಡಳು. ಮಂಗಳವಾರ” ಎಂದು ಇಂಗ್ಲಿಷಿನಲ್ಲಿ ಹೇಳಿ, ಮುಂದಿನ ಪುಟ ತೆಗೆಯಿರಿ ಎಂದರು. ಉಳಿದವರು ತಲೆ ತಗ್ಗಿಸಿದರು. ನನಗೆ ಮಾತ್ರ, ಎಂಥ ವಾಕ್ಯ ಎನ್ನಿಸಿತು. ನಿಜವಾಗಿ ಹಾಗೇ ಅನ್ನಿಸಿತು. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಆವತ್ತಿನಿಂದ ನಾನು ಅವರ ಹಾಗೆ ಬರೆಯಲು ಕೂತೆ. ಆಮೇಲೆ ಅವರ ಹಾಗೆ ಮಾತಾಡಲೂ ಶುರುಮಾಡಿದೆ. ನನಗೆ ಅದೇನೂ ಕಷ್ಟವಾಗಲಿಲ್ಲ. ಮೊದಲಿಂದಲೂ ನಾನು ಸ್ವಲ್ಪ ಮರಗಟ್ಟಿದ ಪಿಂಡವೇ ಎಂದು ಅಮ್ಮ ಹೇಳುತ್ತಿದ್ದಳು. ಹುಟ್ಟಿದಾಗ ಸೂಲಗಿತ್ತಿ ಬೆನ್ನಿಗೆ ತಟ್ಟಿ ಅಳಿಸಬೇಕಾಯಿತಂತೆ.

ಓದು ಶುರುವಾದ ಮೊದಲ ಬೇಸಿಗೆಯಲ್ಲಿ ಅಪ್ಪನಿಗೆ ಕಾಗೆ ಮುಟ್ಟಿತು. ಬೆಳಿಗ್ಗೆ ಹಸುವಿನ ಮೈ ತೊಳೆಯುತ್ತಿದ್ದಾಗ ಎಲ್ಲಿಂದಲೋ ಹಾರಿಬಂದ ಕಾಗೆ ಅವನ ನೆತ್ತಿಯನ್ನು ಕಾಲಿನಿಂದ ಒದ್ದು ಹೋಯಿತು. ಅಮ್ಮ ನೋಡಿದಳು. ಕಾಗೆ ಮುಟ್ಟಿದರೆ ಶನಿ ಮುಟ್ಟಿದ ಹಾಗೆ, ಸಾವು ಬಾಗಿಲಿಗೆ ಬಂದು ಹೋದ ಹಾಗೆ. ಅದಕ್ಕೊಂದು ಪರಿಹಾರ ನಮ್ಮವರಲ್ಲಿ ಇದೆ. ಕಾಗೆ ಮುಟ್ಟಿದವನು ಸತ್ತ ಎಂದು ರಕ್ತ ಸಂಬಂಧಿಕರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಿಜವೆಂದು ನಂಬಿ ಅಳಬೇಕು. ಸತ್ತವನಿಗೆ ಸುರಿಸುವ ಕಣ್ಣೀರು ಬದುಕಿರುವವನಿಗೆ ಬಿದ್ದರೆ ಲೆಕ್ಕ ತೀರಿಹೋಗಿ ಆಯಸ್ಸು ಗಟ್ಟಿಯಾಗುತ್ತದೆ. ಅಪ್ಪನಿಗೆ ಅಣ್ಣ ತಮ್ಮಂದಿರು ಯಾರೂ ಉಳಿದಿರಲಿಲ್ಲ. ಅಳುವುದಕ್ಕೆ ಇದ್ದವಳು ಒಬ್ಬಳೇ, ಮಹದೇವಪುರಕ್ಕೆ ಮದುವೆಮಾಡಿ ಕೊಟ್ಟಿದ್ದ ನನ್ನ ಅಕ್ಕ. ಆಗ ಮಹದೇವಪುರವೆಂದರೆ ರಾಗಿ ಹೊಲ, ಅವರೆ ಸಾಲು, ಮಣ್ಣಿನ ಮನೆಗಳು. ಅಕ್ಕನ ಮನೆ ಊರ ಅಂಚಿನಲ್ಲಿ, ಕಳ್ಳಿ ಬೇಲಿಯ ಒಳಗೆ.

ಸುದ್ದಿ ಒಯ್ಯಲು ನಮ್ಮ ಬೀದಿಯ ಜಟಕಾ ಓಡಿಸುವವನು ಒಪ್ಪಿಕೊಂಡ. ನಾವು ಅವನನ್ನು ಮಾಮ ಎನ್ನುತ್ತಿದ್ದೆವು. ಏನು ಹೇಳಬೇಕು ಎಂಬುದನ್ನು ನೀನು ಹೇಳಿಕೊಡು, ಸುದ್ದಿಯ ಪಾಠ ಓದುವವನು ನೀನೇ ತಾನೆ ಎಂದು ಅಮ್ಮ ನನ್ನನ್ನು ಮುಂದೆ ತಳ್ಳಿದಳು. ಶಾಲೆಯಲ್ಲಿ ಸುಳ್ಳು ಸುದ್ದಿಗಿಂತ ದೊಡ್ಡ ಪಾಪ ಇನ್ನೊಂದಿಲ್ಲ ಎಂದು ನಾನು ಗೊಣಗಿದೆ. ಇದು ಸುದ್ದಿಯಲ್ಲ ಔಷಧಿ ಎಂದು ಅಮ್ಮ ಬಾಯಿ ಮುಚ್ಚಿಸಿದಳು. ಯಾರು, ಎಲ್ಲಿ, ಯಾವಾಗ, ಹೇಗೆ ಎಂದು ಜೋಡಿಸಿ ನಾನು ಮಾಮನಿಗೆ ಹೇಳಿಕೊಟ್ಟೆ. ಅವನು ಬೀಡಿ ಬಾಯಿಂದ ತೆಗೆದು ಕೇಳಿಸಿಕೊಂಡ.

“ಹಿಂಗೆ ಹೇಳಿದ್ರೆ ಯಾರೂ ಅಳಲ್ಲ ಮಗಾ” ಎಂದ. “ಮೊದ್ಲು ನಾನ್ ಅಳ್ಬೇಕು. ಆಮೇಲೇನೇ ಅವ್ರು ಅಳೋದು.”

ಅವನು ಕಟ್ಟುನಿಟ್ಟಾಗಿ ನಡೆದುಕೊಂಡನಂತೆ. ಸಾವಿನ ಸುದ್ದಿ ತಂದವನು ಆ ಮನೆಯ ಹೊಸ್ತಿಲು ದಾಟುವುದಿಲ್ಲ, ಅಲ್ಲಿ ನೀರು ಮುಟ್ಟುವುದಿಲ್ಲ. ಮಾಮ ಬೇಲಿಯ ಹೊರಗೇ ನಿಂತು, ಹೆಗಲ ವಸ್ತ್ರ ಬಾಯಿಗೆ ಒತ್ತಿಕೊಂಡು, ಅಕ್ಕ ತಂದ ನೀರನ್ನು ಕೈಯಲ್ಲೇ ತಡೆದು, ಅಳುತ್ತಾ ಹೇಳಿ ಗಾಡಿ ತಿರುಗಿಸಿದ. ಅಕ್ಕ ಇದ್ದ ಸೀರೆಯಲ್ಲೇ ಅದೇ ಗಾಡಿ ಹತ್ತಿ ದಾರಿಯುದ್ದಕ್ಕೂ ಎದೆ ಬಡಿದುಕೊಂಡು ಬಂದಳು. ಬೀದಿಯ ತುದಿಯಿಂದಲೇ ಅವಳ ದನಿ ಕೇಳಿಸುತ್ತಿತ್ತು. ಅಪ್ಪ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತು, ಕಡಲೆಕಾಯಿ ಸುಲಿಯುತ್ತಾ, “ಬಾ ಮಗಳೇ, ಚೆನ್ನಾಗಿ ಅತ್ಯಾ?” ಎಂದು ಕೇಳಿದ.

ಅಕ್ಕ ಅವನ ಎದೆಗೆ ಗುದ್ದಿದಳು. ಗುದ್ದುತ್ತಲೇ ಅತ್ತಳು, ಅಳುತ್ತಲೇ ನಕ್ಕಳು. ಅಮ್ಮ ಪಾಯಸ ಮಾಡಿದಳು. ಬೀದಿಯವರೆಲ್ಲ ಬಂದು ಜಗಲಿಯ ಕೆಳಗೆ ನಿಂತು ನಕ್ಕರು. ಊಟಕ್ಕೆ ಕೂತಾಗ ಅಕ್ಕ ಅಪ್ಪನಿಗೆ, ಇನ್ನೊಂದು ಸಲ ಕಾಗೆ ಮುಟ್ಟಿದರೆ ಬೇರೆ ಯಾರ ಕೈಲಾದರೂ ಅಳಿಸಿಕೋ, ನನ್ನ ಕಣ್ಣೀರು ಮುಗಿಯಿತು ಎಂದು ಹೇಳಿದಳು. ಅಪ್ಪ, ಆಗಲಿ, ಇನ್ನೊಂದು ಸಲ ನಗುತ್ತಲೇ ಬಾ ಎಂದ. ಈ ಮಾತು ಎಲ್ಲರಿಗೂ ತಮಾಷೆಯಾಗಿ ಕೇಳಿಸಿತು, ನನಗೂ.

ಆ ವಾರ ಶಾಲೆಯಲ್ಲಿ ‘ನಿಮ್ಮ ಮನೆಯಲ್ಲಿ ನಡೆದ ಒಂದು ಘಟನೆ’ ಎಂದು ಬರೆಯಲು ಕೊಟ್ಟಿದ್ದರು. ನಾನು ಕಾಗೆಯ ವಿಷಯ ಬರೆದೆ. ಕಾಗೆ ಮುಟ್ಟಿದ್ದನ್ನು ನೋಡಿದವರು ಯಾರು ಎಂದು ಮೇಷ್ಟ್ರು ಕೇಳಿದರು. ಅಮ್ಮ ಎಂದೆ. ಒಬ್ಬರ ಸಾಕ್ಷಿ ಸಾಲದು ಎಂದರು. ಅಕ್ಕ ಅತ್ತದ್ದನ್ನು ನಾನು ಒಂದೇ ಮಾತಿನಲ್ಲಿ ಮುಗಿಸಿದ್ದೆ. ಅದರ ಕೆಳಗೆ ನೀಲಿ ಗೆರೆ ಎಳೆದು ಪಕ್ಕದಲ್ಲಿ ‘ಡ್ರೈ, ಗುಡ್’ ಎಂದು ಬರೆದರು. ಆ ಹಾಳೆ ಲಂಡನ್ನಿಗೆ ಹೋಯಿತು. ಜೋಗುಪಾಳ್ಯದ ಕಾಗೆ ಸಮುದ್ರ ದಾಟಿತು ಎಂದು ಅಪ್ಪ ಹಾಲು ಹಾಕುವ ಬಂಗಲೆಗಳಲ್ಲೆಲ್ಲ ಹೇಳಿಕೊಂಡು ಬಂದ.

ಅವರೆಕಾಯಿಯ ಕಾಲಕ್ಕೆ ಅಪ್ಪ ಸತ್ತ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರೆ, ಆದರೆ ಕಾಗೆ ಕೂತು ಎಷ್ಟೋ ತಿಂಗಳಾಗಿತ್ತು. ಬೆಳಿಗ್ಗೆ ಹಾಲು ಕರೆಯಲು ಕೂತವನು ಹಸುವಿನ ಪಕ್ಕೆಗೆ ತಲೆಯಿಟ್ಟು ಹಾಗೇ ಜಾರಿದ. ಚೊಂಬು ಉರುಳಿ ಹಾಲು ಗೊಂತಿನ ಕೆಳಗೆ ಹರಿದಿತ್ತು. ಅಮ್ಮನ ಕೂಗು ಕೇಳಿ ನಾನು ಹೋದಾಗ ಕರು ಹಗ್ಗ ಬಿಡಿಸಿಕೊಂಡು ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತ್ತು. ಯಾರೂ ಅದನ್ನು ಎಳೆದು ಕಟ್ಟಲಿಲ್ಲ. ಬಂಗಲೆಗಳಿಗೆ ಇವತ್ತು ಹಾಲು ಹೋಗುವುದಿಲ್ಲ ಎಂಬುದು ನನಗೆ ಮೊದಲು ಹೊಳೆದ ವಿಚಾರ. ಎರಡನೆಯದು ಹೊಳೆಯಲೇ ಇಲ್ಲ. ಅಮ್ಮ ನೆಲಕ್ಕೆ ತಲೆ ಬಡಿದುಕೊಳ್ಳುತ್ತಿದ್ದಳು. ನಾನು ಅವಳ ತಲೆಯ ಕೆಳಗೆ ನನ್ನ ಕೈ ಇಟ್ಟೆ. ನನಗೆ ಏನೂ ಅನ್ನಿಸಲಿಲ್ಲ. ಇದನ್ನು ಹೇಗೆ ಬರೆದರೂ ಇಷ್ಟೇ.

ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ಹೊತ್ತು ಮುಳುಗುವುದರೊಳಗೆ ಆಗಬೇಕು ಎಂದು ಬೀದಿಯ ಹಿರಿಯರು ಗಟ್ಟಿಯಾಗಿ ಹೇಳಿದರು. ಅಮ್ಮ ಕೇಳಿದ್ದು ಒಂದನ್ನೇ: ಮಗಳು ಬಂದು ಮುಖ ನೋಡಬೇಕು, ಅಲ್ಲಿಯವರೆಗೆ ಎತ್ತಬಾರದು. ಮಾಮ ಆಗಲೇ ಜಟಕಾ ಹೂಡಿದ್ದ. ಅಷ್ಟರಲ್ಲಿ ಒಬ್ಬ ಹಿರಿಯರು, ನೀನು ಹೋಗಬೇಡ, ನಿನ್ನನ್ನು ಕಂಡರೆ ಅವಳು ನಗುತ್ತಾಳೆ ಎಂದು ಅವನನ್ನು ತಡೆದರು. ಮಾಮ ಲಗಾಮು ಕೈಬಿಟ್ಟು ಅಲ್ಲೇ ಕೂತು ಅತ್ತ. ಅವನ ಅಳು ಆವತ್ತು ನಿಜವಾಗಿತ್ತು, ಉಪಯೋಗಕ್ಕೆ ಬರಲಿಲ್ಲ.

“ಇವನೇ ಹೋಗ್ಲಿ” ಎಂದು ಹಿರಿಯರು ನನ್ನ ಕಡೆ ಕೈ ತೋರಿಸಿದರು. “ಲಂಡನ್ ಪಾಠ ಓದಿದೋನು. ಸುಳ್ಳು ಹೇಳಲ್ಲ ಅಂತ ಊರಿಗೇ ಗೊತ್ತು.”

ಸೈಕಲ್ ಅಂಗಡಿಯವನು ಕೇಳದೆಯೇ ಒಂದು ಸೈಕಲ್ ತಂದು ನಿಲ್ಲಿಸಿದ. ಹಳೆ ಮದ್ರಾಸು ರಸ್ತೆಯಲ್ಲಿ ಮಿಲಿಟರಿ ಲಾರಿಗಳು ಸಾಲುಸಾಲಾಗಿ ಬರುತ್ತಿದ್ದವು. ಪ್ರತಿ ಲಾರಿಗೂ ನಾನು ರಸ್ತೆಯ ಪಕ್ಕದ ಮಣ್ಣಿಗೆ ಇಳಿದು ಮತ್ತೆ ಹತ್ತುತ್ತಿದ್ದೆ. ತಲೆ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಜೋಗುಪಾಳ್ಯದ ಹಾಲಿನ ವ್ಯಾಪಾರಿಯೊಬ್ಬರು ಇಂದು ಬೆಳಿಗ್ಗೆ ತಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಾಗ ನಿಧನರಾದರು. ‘ಹಠಾತ್ತನೆ’ ಎಂದು ಸೇರಿಸಿದೆ, ತೆಗೆದೆ. ಅವರಿಗೆ ಪತ್ನಿ, ಒಬ್ಬ ಮಗ, ಒಬ್ಬ ಮಗಳು ಇದ್ದಾರೆ. ಮಗ ಎಂದರೆ ನಾನು ಎಂಬುದು ಗೊತ್ತಿತ್ತು, ಆದರೂ ವಾಕ್ಯದಲ್ಲಿ ಅವನು ಬೇರೆ ಯಾರೋ ಆಗಿದ್ದ. ಬೆನ್ನಿಗಾನಹಳ್ಳಿಯ ಏರಿ ದಾಟುವ ಹೊತ್ತಿಗೆ ಸಾಲು ಸರಿಹೋಗಿತ್ತು. ಮೇಷ್ಟ್ರು ನೋಡಿದ್ದರೆ ಪೆನ್ಸಿಲು ಕೆಳಗಿಡುತ್ತಿದ್ದರು.

ಬಿಸಿಲು ಏರಿತ್ತು, ಬೆಳಿಗ್ಗೆಯಿಂದ ಬಾಯಿಗೆ ಹನಿ ನೀರು ಬಿದ್ದಿರಲಿಲ್ಲ. ಅಕ್ಕನ ಮನೆಯ ಬೇಲಿಗೆ ಸೈಕಲ್ ಒರಗಿಸಿ, ಯಾವಾಗಲೂ ಹೋಗುವ ಹಾಗೆ ಒಳಗೆ ಹೋದೆ. ಜಗಲಿಯ ಮೇಲೆ ಕೂತೆ. ಅಕ್ಕ ಅಂಗಳದಲ್ಲಿ ಅವರೆಕಾಯಿ ಹರವಿಕೊಂಡಿದ್ದಳು. ನನ್ನನ್ನು ಕಂಡು ಎದ್ದು ಹೋಗಿ ಚೊಂಬಿನಲ್ಲಿ ನೀರು ತಂದಳು. ನಾನು ತೆಗೆದುಕೊಂಡು ಕುಡಿದೆ. ಪೂರ್ತಿ ಕುಡಿದೆ. ಚೊಂಬು ಕೆಳಗಿಟ್ಟ ಮೇಲೆ ಹೇಳಿದೆ.

“ಅಪ್ಪ ತೀರ್ಕೊಂಡ. ಬೆಳಿಗ್ಗೆ, ಕೊಟ್ಟಿಗೇಲಿ. ಹಾಲು ಕರೀತಾ ಇದ್ದಾಗ.”

ಅಕ್ಕ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಚೊಂಬು ನೋಡಿದಳು. ಆಮೇಲೆ ನಕ್ಕಳು.

“ಮತ್ತೆ ಕಾಗೆ ಹಾರಿಸೋಕೆ ಬಂದ್ಯಾ?”

ಕಾಗೆ ಹಾರಿಸುವುದೆಂದರೆ ನಮ್ಮಲ್ಲಿ ಬುರುಡೆ ಬಿಡುವುದು. ಅವಳಿಗೆ ತನ್ನ ಮಾತೇ ಹಿಡಿಸಿ ಇನ್ನೂ ನಕ್ಕಳು. ಇಲ್ಲ ಅಕ್ಕ, ನಿಜ ಎಂದೆ. ಎಷ್ಟು ಹೊತ್ತಿಗೆ ಎಂದು ಕೇಳಿದಳು. ಹೇಳಿದೆ. ಯಾರು ನೋಡಿದ್ದು ಎಂದಳು. ಮೊದಲು ಅಮ್ಮ, ಆಮೇಲೆ ನಾನು ಎಂದೆ. ಏನಾಗಿತ್ತು ಎಂದಳು. ಏನೂ ಕಾಯಿಲೆ ಇರಲಿಲ್ಲ ಎಂದೆ. ಕೇಳಿದ್ದಕ್ಕೆಲ್ಲ ನನ್ನ ಹತ್ತಿರ ತಡವರಿಸದ ಉತ್ತರ ಇತ್ತು. ಒಳಗಿನಿಂದ ಅವಳ ಅತ್ತೆ ಬಂದು ಬಾಗಿಲಲ್ಲಿ ನಿಂತರು. ಅಕ್ಕ ಅವರ ಕಡೆ ತಿರುಗಿ, ನೋಡಿ ಅತ್ತೆ, ಪಾಠ ಒಪ್ಪಿಸುತ್ತಿದ್ದಾನೆ, ಜಟಕಾದವನೇ ವಾಸಿಯಾಗಿದ್ದ, ಅಷ್ಟಾದರೂ ಅತ್ತಿದ್ದ ಎಂದಳು. ಅತ್ತೆ ನನ್ನನ್ನು ಅಳೆಯುವ ಹಾಗೆ ನೋಡಿದರು. ನೀರು ಕುಡಿದನೇ ಎಂದು ಕೇಳಿದರು. ಕುಡಿದ ಎಂದಳು ಅಕ್ಕ. ಹಾಗಾದರೆ ಸರಿ ಎಂದು ಅವರು ಒಳಗೆ ಹೋದರು.

ಆ ಜಗಲಿಯ ಮೇಲೆ ಕೂತು ನಾನು ಅಳಲು ನೋಡಿದೆ. ಅತ್ತರೆ ಕೆಲಸವಾಗುತ್ತದೆ ಎಂದು ನನಗೂ ಗೊತ್ತಾಗಿತ್ತು. ಅಪ್ಪನ ಕಾಲು, ಅವನ ಹಾಲಿನ ವಾಸನೆಯ ಪಂಚೆ, ಹೀಗೆ ಒಂದೊಂದನ್ನೇ ನೆನೆದೆ. ಎಲ್ಲವೂ ನೆನಪಿಗೆ ಬಂದು ನಿಂತವು, ಯಾವುದೂ ಒಳಗೆ ಇಳಿಯಲಿಲ್ಲ. ಎದೆಯ ಜಾಗದಲ್ಲಿ ಒಂದು ಮರದ ಹಲಗೆ ಇದ್ದ ಹಾಗಿತ್ತು. ಅಕ್ಕಾ, ನನ್ನಾಣೆ ಎಂದೆ. ಆಣೆ ಇಡಬೇಡ, ಸುಳ್ಳಿಗೆ ಆಣೆ ಇಟ್ಟರೆ ನಾಲಿಗೆಗೆ ಹುಣ್ಣಾಗುತ್ತದೆ ಎಂದು ಅವಳು ಪ್ರೀತಿಯಿಂದ ನನ್ನ ತಲೆಗೆ ಮೊಟಕಿದಳು.

ಆದರೆ ಹೊರಡಲು ತಕ್ಷಣ ಒಪ್ಪಿದಳು. ಹೇಗೂ ಅಪ್ಪನಿಗೆ ಅವರೆಕಾಯಿ ಕಳಿಸಬೇಕಾಗಿತ್ತು. ಹಿತಕಿದ ಬೇಳೆ ಸಾರೆಂದರೆ ಅವನು ಪ್ರಾಣ ಬಿಡುತ್ತಾನೆ ಎಂದು ಹೇಳುತ್ತಾ ಬುಟ್ಟಿಗೆ ಕಾಯಿ ತುಂಬಿದಳು. ಬೇಗ ನಡಿ, ಹೊತ್ತು ಮುಳುಗುವುದರೊಳಗೆ ಎತ್ತುತ್ತಾರೆ ಎಂದೆ. ಅವಳು ಅವಸರ ಮಾಡಲಿಲ್ಲ. ಮುಖ ತೊಳೆದಳು, ಕುಂಕುಮ ತಿದ್ದಿದಳು, ಮದುವೆಮನೆಗೆ ಉಡುವ ಕೆಂಪು ಅಂಚಿನ ಸೀರೆ ತೆಗೆದು ಉಟ್ಟಳು. ಬೇಲಿಯ ಪಕ್ಕದ ಕನಕಾಂಬರ ಬಿಡಿಸಿ ಕಟ್ಟಿ ಮುಡಿದಳು. ನಾನು ಬಾಗಿಲಲ್ಲಿ ನಿಂತು ಬಿಸಿಲು ನೋಡುತ್ತಿದ್ದೆ.

“ಹೋದ್ಸಲ ನನ್ನ ಎಷ್ಟು ಅಳಿಸ್ಬಿಟ್ಟ” ಎಂದಳು. “ಈ ಸಲ ನಗ್ತಾನೇ ಹೋಗಿ ಅವನ ಮುಖ ನೋಡ್ತೀನಿ.”

ಭಾವ ಸಂತೆಗೆ ಗಾಡಿ ಹೂಡಿಕೊಂಡು ಹೋಗಿದ್ದರಿಂದ ಸೈಕಲ್ಲಿನ ಕ್ಯಾರಿಯರ್ ಮೇಲೆಯೇ ಕೂತಳು, ಬುಟ್ಟಿ ಮಡಿಲಲ್ಲಿ. ಹಳ್ಳಿಯವರು ನೋಡಿ ನಕ್ಕರೆ ನಗಲಿ, ಅಪ್ಪನಿಗೆ ಇನ್ನೂ ಚೆನ್ನಾಗಿ ನಾಚಿಕೆಯಾಗಲಿ ಎಂದಳು. ನಾನು ತುಳಿಯುತ್ತಿದ್ದೆ, ಅವಳು ನನ್ನ ಬೆನ್ನಿಗೆ ಮಾತಾಡುತ್ತಿದ್ದಳು. ಅಪ್ಪ ಯಾವ ಗೋಡೆಗೆ ಒರಗಿರುತ್ತಾನೆ, ಕಡಲೆಕಾಯಿ ತಿನ್ನುತ್ತಿರುತ್ತಾನೋ ಬೀಡಿ ಸೇದುತ್ತಿರುತ್ತಾನೋ, ಅವಳನ್ನು ಕಂಡು ಏನೆನ್ನುತ್ತಾನೆ, ಅದಕ್ಕೆ ಅವಳು ಏನು ಹೇಳಬೇಕು, ಎಲ್ಲ ಆಡಿ ತೋರಿಸಿದಳು. ಅಪ್ಪನ ದನಿ ಅವಳಿಗೆ ಚೆನ್ನಾಗಿ ಬರುತ್ತಿತ್ತು. ಬೆನ್ನಿಗಾನಹಳ್ಳಿ ದಾಟಿದ ಮೇಲೆ ಎದುರಿನ ರಸ್ತೆ ನೋಡಿಕೊಂಡೇ ನಾನು ಇನ್ನೊಂದು ಸಲ ಹೇಳಿದೆ, ಅಕ್ಕ, ಅಪ್ಪ ಸತ್ತಿದ್ದಾನೆ. ಅವಳು ನನ್ನ ಬೆನ್ನು ತಟ್ಟಿ, ಪರವಾಗಿಲ್ಲ, ಈ ಸಲ ಸ್ವಲ್ಪ ಸುಧಾರಿಸಿದೆ ಎಂದಳು. ಆಮೇಲೆ ನಾನು ಹೇಳುವುದನ್ನು ಬಿಟ್ಟೆ. ತುಳಿಯುವುದೊಂದು ಕೆಲಸ ಕೈಯಲ್ಲಿತ್ತು. ಹೊತ್ತು ಇಳಿಯುತ್ತಿತ್ತು, ಅದಕ್ಕಿಂತ ಬೇಗ ತುಳಿಯಬೇಕಿತ್ತು.

ನಮ್ಮವರಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸುತ್ತಾರೆ, ಕೂರಿಸಿಯೇ ಹೊತ್ತುಕೊಂಡು ಹೋಗುತ್ತಾರೆ. ಇದು ಅಕ್ಕನಿಗೂ ಗೊತ್ತು, ನನಗೂ ಗೊತ್ತು. ಆದರೂ ನಮ್ಮ ಬೀದಿಯ ತಿರುವಿಗೆ ಬಂದಾಗ, ಜನರ ಸಂದಿಯಲ್ಲಿ ಜಗಲಿಯ ಮೇಲೆ ಅಪ್ಪ ಕಾಣಿಸಿದ ತಕ್ಷಣ ಅವಳು ನನ್ನ ಭುಜ ಹಿಡಿದು ಕುಲುಕಿದಳು.

“ನೋಡೋ, ಕೂತಿದ್ದಾನೆ.”

ನಾನು ಸೈಕಲ್ ನಿಲ್ಲಿಸಲಿಲ್ಲ. ಇನ್ನಷ್ಟು ಹತ್ತಿರವಾಗುವವರೆಗೆ ಅವಳ ಕೈ ನನ್ನ ಭುಜದ ಮೇಲೆ ಹಾಗೇ ಇತ್ತು. ಬಾಗಿಲ ಮುಂದೆ ಸೌದೆ ಕೊರಡು ಹೊಗೆಯಾಡುತ್ತಿತ್ತು. ಅಪ್ಪನ ಗದ್ದದಿಂದ ನೆತ್ತಿಗೆ ಬಿಳಿ ಬಟ್ಟೆ ಬಿಗಿದಿದ್ದರು. ಹಣೆಯ ಮೇಲೆ ಕಾಸು ಅಂಟಿಸಿದ್ದರು. ಜಟಕಾ ಮಾಮ ಬಿದಿರು ಕಟ್ಟುತ್ತಿದ್ದವನು ನಮ್ಮನ್ನು ಕಂಡು, ಅಕ್ಕನ ಕೆಂಪು ಅಂಚಿನ ಸೀರೆಯನ್ನೂ ತಲೆಯ ಹೂವನ್ನೂ ಕಂಡು, ಕೈಯಲ್ಲಿದ್ದ ಹಗ್ಗ ಕೆಳಗೆ ಬಿಟ್ಟ. ಬೀದಿಯವರೆಲ್ಲ ಎರಡು ಕಡೆಗೆ ಸರಿದರು.

ಅಕ್ಕ ಇಳಿದಳು. ಕೂಗಲಿಲ್ಲ. ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು, ಜೋಪಾನವಾಗಿ, ಕಾಯಿ ಚೆಲ್ಲದ ಹಾಗೆ. ನನ್ನ ಮುಖವನ್ನು ಹತ್ತಿರದಿಂದ ನೋಡಿದಳು.

“ನೀನು ಅಳ್ಲೇ ಇಲ್ವಲ್ಲೋ” ಎಂದಳು.

ಬೈದದ್ದಲ್ಲ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ನಿಜವಾಗಿ ಗೊತ್ತಾಗದೆ ಕೇಳಿದ ಹಾಗಿತ್ತು. ಆಮೇಲೆ ಜಡೆಯಿಂದ ಹೂ ಕಿತ್ತು ಬೀದಿಗೆ ಹಾಕಿ ಜಗಲಿಯ ಕಡೆ ಓಡಿದಳು. ಅವಳ ಕೂಗು ಕೇಳಿದ ಮೇಲೆ ಅಮ್ಮನೂ ಒಳಗಿನಿಂದ ಮತ್ತೆ ಕೂಗಿದಳು, ಬೀದಿಯ ಹೆಂಗಸರೆಲ್ಲ ಕೂಗಿದರು. ಹೊತ್ತು ಇನ್ನೂ ಮುಳುಗಿರಲಿಲ್ಲ. ಅಮ್ಮ ಕೇಳಿಕೊಂಡದ್ದು ನಡೆಯಿತು. ಮಗಳು ಮುಖ ನೋಡಿದಳು. ನಾನು ಅವರೆಕಾಯಿಯ ಬುಟ್ಟಿ ಹಿಡಿದುಕೊಂಡು ಹೊಗೆಯ ಪಕ್ಕದಲ್ಲಿ ನಿಂತಿದ್ದೆ. ಯಾರೋ ಬಂದು ಅದನ್ನು ನನ್ನ ಕೈಯಿಂದ ಬಿಡಿಸಿಕೊಂಡರು.

ತಿಥಿಯಾದ ಮೇಲೆ ಶಾಲೆಗೆ ಹೋದೆ. ಬೋಳಿಸಿದ ತಲೆ ನೋಡಿ ಮೇಷ್ಟ್ರಿಗೆ ಗೊತ್ತಾಯಿತು. ಯಾರು ಎಂದರು. ಅಪ್ಪ ಎಂದೆ. ಯಾವ ದಿನ ಎಂದರು. ಹೇಳಿದೆ. ಅವರು ತಲೆಯಾಡಿಸಿದರು. ಆವತ್ತು ಪಾಠ ಮಾಡಲಿಲ್ಲ. ಲಂಡನ್ನಿನಿಂದ ಕಾಗೆಯ ಹಾಳೆ ತಿರುಗಿ ಬಂದಿತ್ತು. ಬರಹ ಅಚ್ಚುಕಟ್ಟಾಗಿದೆ, ಮಗಳಿಗೆ ಏನನ್ನಿಸಿತು ಎಂದು ಓದುಗನಿಗೆ ತಿಳಿಯುವುದಿಲ್ಲ ಎಂದು ಕೆಂಪು ಶಾಯಿಯಲ್ಲಿತ್ತು. ಅದನ್ನು ಓದಿ ನನಗೆ ಸಿಟ್ಟು ಬಂತು. ಎಷ್ಟೋ ದಿನಗಳ ಮೇಲೆ ನನಗೆ ಏನಾದರೂ ಅನ್ನಿಸಿದ್ದು ಅದೊಂದೇ.

ಓದು ಮುಗಿಯಿತು, ಲಂಡನ್ನಿನ ಸರ್ಟಿಫಿಕೇಟು ಬಂತು, ದಂಡಿನ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಕೆಲಸವೂ ಸಿಕ್ಕಿತು. ಸಾವಿನ ಸುದ್ದಿಗಳನ್ನು ನನಗೇ ಕೊಡುತ್ತಿದ್ದರು. ನಾನು ಬರೆದದ್ದನ್ನು ಯಾರೂ ಸುಳ್ಳೆನ್ನಲಿಲ್ಲ.

ಅಕ್ಕ ನನ್ನ ಮೇಲೆ ಮುನಿಸಿಕೊಳ್ಳಲಿಲ್ಲ. ಆದರೆ ನಾನು ಅವಳ ಮನೆಗೆ ಹೋದಾಗಲೆಲ್ಲ ಮಾಡುತ್ತಿದ್ದ ಕೆಲಸ ನಿಲ್ಲಿಸಿ, ನಾನು ಬೇಲಿಯಿಂದ ಜಗಲಿಗೆ ಬರುವವರೆಗೂ ನನ್ನ ಮುಖವನ್ನೇ ನೋಡುತ್ತಿದ್ದಳು. ನೀರು ಕೊಟ್ಟು ನಾನು ಕುಡಿಯುವುದನ್ನೇ ನೋಡುತ್ತಿದ್ದಳು. ಕುಡಿದರೂ ನಂಬುತ್ತಿರಲಿಲ್ಲ, ಕುಡಿಯುವುದರಿಂದ ಏನೂ ಗೊತ್ತಾಗುವುದಿಲ್ಲ ಎಂದು ಅವಳಿಗೆ ಈಗ ತಿಳಿದಿತ್ತು. ಅಮ್ಮ ಚೆನ್ನಾಗಿದ್ದಾಳೆ ಎಂದು ನಾನು ಹೇಳಿದರೆ, ಹೇಳಿದ ದನಿಯನ್ನು ಮತ್ತೆ ಮತ್ತೆ ಒಳಗೇ ತೂಗಿ ನೋಡುತ್ತಿದ್ದಳು. ಅದನ್ನು ನೋಡಲಾರದೆ ನಾನು ಒಂದು ಅಭ್ಯಾಸ ಮಾಡಿಕೊಂಡೆ. ಕಳ್ಳಿ ಬೇಲಿ ಕಾಣಿಸಿದ ಕೂಡಲೇ ನಗಲು ಶುರುಮಾಡುತ್ತಿದ್ದೆ. ಬರದ ನಗು, ಮುಖಕ್ಕೆ ಹಚ್ಚಿಕೊಂಡ ನಗು. ದೂರದಿಂದಲೇ ಹಲ್ಲು ಕಾಣಬೇಕು, ಅಷ್ಟೆ. ಅದು ಕಂಡರೆ ಅವಳು ಉಸಿರು ಬಿಟ್ಟು ಕೈಯಲ್ಲಿದ್ದ ಕೆಲಸ ಮುಂದುವರಿಸುತ್ತಿದ್ದಳು.

ಕೆಲವು ವರ್ಷಗಳ ಮೇಲೆ, ಯುದ್ಧ ಮುಗಿದು, ಸ್ವಾತಂತ್ರ್ಯವೂ ಬಂದ ಮೇಲೆ, ಒಂದು ಬೆಳಿಗ್ಗೆ ನಾನು ಅದೇ ರಸ್ತೆಯಲ್ಲಿ ಸೈಕಲ್ ತುಳಿದುಕೊಂಡು ಮಹದೇವಪುರಕ್ಕೆ ಹೋದೆ. ದಾರಿಯಲ್ಲಿ ಯಾವ ವಾಕ್ಯವನ್ನೂ ಕಟ್ಟಲಿಲ್ಲ. ಬಾಯಿ ಒಣಗಿತ್ತು. ಬೇಲಿಯ ಒಳಗೆ ಹೋಗಲಿಲ್ಲ, ಹೊರಗೇ ನಿಂತೆ. ಅಕ್ಕ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ತಲೆಯೆತ್ತಿ ನನ್ನನ್ನು ನೋಡಿದಳು, ಕಾದಳು. ನಾನು ನಗಲಿಲ್ಲ.

ಅವಳು ಮೊರ ಕೆಳಗಿಟ್ಟು, “ಅಮ್ಮ” ಎಂದಳು.